ನೀಲಿ ನೀರಿನಲ್ಲಿ ತೇಲಿದ ಹನಿ

ಹೆರಿಗೆಯಾದ ಮೇಲೆ ತಂಗಿಗೆ ರಕ್ತ ಹೋಗುವುದು ನಿಲ್ಲಲಿಲ್ಲ. ಸಿರುಗುಪ್ಪದಿಂದ ತೆಕ್ಕಲಕೋಟೆ ದಾಟಿ ಬಳ್ಳಾರಿಗೆ ಕರೆತರುವಷ್ಟರಲ್ಲಿ ಅವಳ ತುಟಿ ಸುಣ್ಣದ ಹಾಗಾಗಿತ್ತು. ನಾನು ಕುರುಗೋಡಿನಲ್ಲಿ ಸಿಕ್ಕ ಬಸ್ಸು ಹತ್ತಿ ಬಂದೆ. "ಬದಲಿಗೆ ಇಬ್ರು ರಕ್ತ ಕೊಡಬೇಕ್ರಿ, ಲಗೂ ಕರಕೊಂಡು ಬರ್ರಿ" ಅಂದರು ಬ್ಲಡ್ ಬ್ಯಾಂಕಿನವರು. ಅವಳಿಗೂ ನನಗೂ ಬಿ ಪಾಸಿಟಿವ್. ಸೆರಗು ಸಿಕ್ಕಿಸಿಕೊಂಡು ನಾನೇ ಮೊದಲು ನಿಂತೆ.

ತೂಕ 52 ಬಂತು, ಬಿಪಿ ಸರಿಯಿತ್ತು. ಬೆರಳು ಚುಚ್ಚಿ, ಗಾಜಿನ ನಳಿಕೆಗೆ ರಕ್ತ ಎಳೆದು, ಪುಟ್ಟ ಲೋಟದ ನೀಲಿ ನೀರಿಗೆ ಒಂದು ಹನಿ ಬಿಟ್ಟರು. ಅದು ಮೈಲುತುತ್ತದ ನೀರು. ಹನಿ ಮುಳುಗಿದರೆ ರಕ್ತದಲ್ಲಿ ಹಿಮೋಗ್ಲೋಬಿನ್ ಸಾಕಷ್ಟಿದೆ ಎಂದರ್ಥ, ಕೊಡುವವರಿಗೆ 12.5 ಗ್ರಾಂ ಇರಲೇಬೇಕು. ನನ್ನ ಹನಿ ಒಂದಿಷ್ಟು ಕೆಳಗಿಳಿದು, ನಡುವೆ ನಿಂತು, ಮೆಲ್ಲಗೆ ಮೇಲಕ್ಕೆ ಬಂತು. ಇನ್ನೊಂದು ಬಿಡ್ರಿ ಅಂದೆ. ಅದೂ ತೇಲಿತು. "ಅಕ್ಕಾ, ನಿಮ್ಮಲ್ಲೇ ರಕ್ತ ಕಡಿಮಿ ಐತಿ, ತಗೊಳಾಕ ಬರಂಗಿಲ್ಲ" ಅಂದಳು ಆ ಹುಡುಗಿ. ಒಳಗೆ ತಂಗಿ ಬಿಳಿಚಿಕೊಂಡು ಮಲಗಿದ್ದಾಳೆ, ಹೊರಗೆ ನಾನು ಬೆರಳಿಗೆ ಹತ್ತಿ ಒತ್ತಿಕೊಂಡು ಬರಿಗೈಲಿ ನಿಂತಿದ್ದೇನೆ. ಆ ಗಳಿಗೆ ಇವತ್ತಿಗೂ ನಿದ್ದೆಯಲ್ಲಿ ಬರುತ್ತದೆ.

ತಪ್ಪು ನನ್ನದೇ. ಚಿಕ್ಕವನು ಹೊಟ್ಟೆಯಲ್ಲಿದ್ದಾಗ ಆಶಾ ಅಕ್ಕ ತಂದುಕೊಟ್ಟ ಕಬ್ಬಿಣದ ಮಾತ್ರೆಗಳನ್ನು ವಾಕರಿಕೆ ಬರುತ್ತದೆಂದು ಹಿತ್ತಲ ಕರಿಬೇವಿನ ಬುಡಕ್ಕೆ ಹಾಕಿದ್ದೆ. ಆದರೆ ತಂಗಿಯ ಇಬ್ಬರು ಮೈದುನರನ್ನು ನಾನು ಕ್ಷಮಿಸಲಾರೆ. ಭತ್ತದ ಮೂಟೆ ಹೆಗಲಿಗೇರಿಸುವ ಗಂಡಾಳುಗಳು, "ರಕ್ತ ಕೊಟ್ರ ಕಸುವು ಹೋಗ್ತೈತಿ" ಎಂದು ಚಹಾದ ನೆಪದಲ್ಲಿ ಹೋದವರು ಸಂಜೆತನಕ ಬರಲಿಲ್ಲ. ಒಬ್ಬರಿಂದ ತೆಗೆಯುವುದು 350 ಎಂಎಲ್, ಹೆಚ್ಚೆಂದರೆ 450. ಅದರ ನೀರಿನಂಶ ಒಂದೆರಡು ದಿನದಲ್ಲಿ ತುಂಬುತ್ತದೆ. ಅವರಿಗೆ ಹೇಳಿದವರು ಯಾರು, ಕೇಳಿದವರು ಯಾರು! ಕೊನೆಗೆ ಕೊಟ್ಟವರು ನನ್ನ ಗಂಡ, ಮತ್ತೆ ಸಿರುಗುಪ್ಪದಿಂದ ಅಕ್ಕಿ ಲೋಡು ತಂದಿದ್ದ ಒಬ್ಬ ಲಾರಿ ಡ್ರೈವರ್. ಜ್ಯೂಸು ಕುಡಿದು ಹೊರಟೇಹೋದ, ಹೆಸರೂ ಕೇಳಲಾಗಲಿಲ್ಲ.

ತಂಗಿ ಉಳಿದಳು. ನಾನು ಡಾಕ್ಟರನ್ನು ಕೇಳಿ ಮಾತ್ರೆ ಶುರು ಮಾಡಿದೆ. ಊಟದ ಬೆನ್ನಿಗೇ ಚಹಾ ಕುಡಿಯುವುದು ಬಿಟ್ಟೆ. ಚಹಾ ಕಬ್ಬಿಣಾಂಶ ಮೈಗೆ ಹತ್ತಲು ಬಿಡುವುದಿಲ್ಲವಂತೆ. ನುಗ್ಗೆಸೊಪ್ಪಿಗೆ ನಿಂಬೆ ಹಿಂಡಿಕೊಂಡು ತಿಂದೆ. ಐದು ತಿಂಗಳಿಗೆ ಮತ್ತೆ ಬಳ್ಳಾರಿಗೆ ಹೋದೆ. ಈ ಸಲ ಹನಿ ಕಲ್ಲಿನ ಹಾಗೆ ತಳ ಸೇರಿತು. ಹತ್ತು ನಿಮಿಷದಲ್ಲಿ ಚೀಲ ತುಂಬಿತು, ಮುಟ್ಟಿದರೆ ಬೆಚ್ಚಗಿತ್ತು.

ಹೋಗುವವರು ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ನೀರು ಚೆನ್ನಾಗಿ ಕುಡಿಯಿರಿ, ಕೊಟ್ಟ ಕೂಡಲೇ ಎದ್ದು ಓಡಬೇಡಿ. ಹೆಂಗಸರು ಮೊದಲು ಹಿಮೋಗ್ಲೋಬಿನ್ ನೋಡಿಸಿಕೊಳ್ಳಿ. ಒಮ್ಮೆ ಕೊಟ್ಟರೆ ನಮಗೆ ನಾಲ್ಕು ತಿಂಗಳು, ಗಂಡಸರಿಗೆ ಮೂರು ತಿಂಗಳು ಬಿಡುವು ಬೇಕು. ನನ್ನ ನಾಲ್ಕು ತಿಂಗಳು ಮುಂದಿನ ಸೋಮವಾರಕ್ಕೆ ತುಂಬುತ್ತದೆ. ತಂಗಿಯ ಮೈದುನರಿಗೂ ಬರಹೇಳಿ ಕಳಿಸಿದ್ದೇನೆ.