ಗೋಬರ್ ಗ್ಯಾಸ್ ಗುಂಡಿಯಲ್ಲಿ ಹುದುಗು ನಿಂತಾಗ

ಒಲೆಯ ಉರಿ ಸಣ್ಣಗಾದ ಕೂಡಲೇ ನಮ್ಮಲ್ಲಿ ಬಹಳ ಜನ ಮಾಡುವುದು ಒಂದೇ ಕೆಲಸ, ಮರುದಿನದಿಂದ ಎರಡು ಬುಟ್ಟಿ ಸಗಣಿ ಜಾಸ್ತಿ ಹಾಕೋದು. ಹುದುಗು ನಿಂತ ಗುಂಡಿಗೆ ಇದಕ್ಕಿಂತ ಕೆಟ್ಟ ಔಷಧಿ ಇಲ್ಲ. ಹೊಟ್ಟೆ ಕೆಟ್ಟವನಿಗೆ ಹೋಳಿಗೆ ಊಟ ಬಡಿಸಿದ ಹಾಗೆ. ಆಮೇಲೆ ‘ನಮ್ಮ ಗುಂಡಿ ಸತ್ತೋಯ್ತು, ಹೆಂಗೂ ಸಿಲಿಂಡರ್ ಐತಲ್ಲ’ ಅಂತ ಮಣ್ಣು ಮುಚ್ಚಿ ಬಿಡ್ತಾರೆ. ಹೊಲಕ್ಕೆ ಬರುತ್ತಿದ್ದ ಬಗ್ಗಡವೂ ಅಲ್ಲಿಗೆ ಮುಗೀತು. ಹೀಗೆ ಮುಚ್ಚಿದ ಗುಂಡಿಗಳಲ್ಲಿ ಎಷ್ಟೋ ರಿಪೇರಿ ಆಗುವಂಥವೇ ಇದ್ದವು.

ನಮ್ಮದು 2 ಘನ ಮೀಟರಿನ ದೀನಬಂಧು ಗುಂಡಿ. ದಿನಕ್ಕೆ 50 ಕಿಲೋ ಸಗಣಿ, ಅಷ್ಟೇ ನೀರು. ನಾಲ್ಕೈದು ರಾಸು ಇದ್ದರೆ ನಡೆಯುತ್ತೆ. ಕಿಲೋ ಸಗಣಿಗೆ ಸುಮಾರು 40 ಲೀಟರ್ ಗ್ಯಾಸ್. ಇವತ್ತು ಹಾಕಿದ್ದು 40 ದಿನವಾದರೂ ಒಳಗೆ ಇರಬೇಕು. ಜಾಸ್ತಿ ಹಾಕಿದರೆ ಹುದುಗುವ ಮೊದಲೇ ಆಚೆ ಬರುತ್ತೆ, ಜೊತೆಗೆ ಒಳಗಿನ ಸೂಕ್ಷ್ಮಜೀವಿಗಳನ್ನೂ ಎಳಕೊಂಡು ಬರುತ್ತೆ.

ಗುಂಡಿಯೊಳಗೆ ದುಡಿಯುವ ಆಳುಗಳು ಎರಡು ಥರ. ಮೊದಲನೆಯವು ಸಗಣಿಯನ್ನು ಮುರಿದು ಹುಳಿ ಮಾಡುತ್ತವೆ. ಎರಡನೆಯವು ಆ ಹುಳಿಯನ್ನು ತಿಂದು ಉರಿಯುವ ಗ್ಯಾಸ್, ಅಂದರೆ ಮೀಥೇನ್ ಮಾಡುತ್ತವೆ. ಹುಳಿಯವು ಬಲು ಚುರುಕು, ಗಂಟೆಗಳಲ್ಲಿ ದುಪ್ಪಟ್ಟಾಗುತ್ತವೆ. ಗ್ಯಾಸಿನವು ನಿಧಾನ, ದಿನಗಟ್ಟಲೆ ಬೇಕು. ಚಳಿಗೆ, ಔಷಧಿಗೆ, ಹುಳಿಗೆ ಬೇಗ ಸೋಲುತ್ತವೆ. ಹಿಂದಿನ ಆಳು ಸೋತರೆ ಮುಂದಿನ ಆಳು ಮಾಡಿದ ಹುಳಿ ಕೂಡಿಕೊಳ್ಳುತ್ತೆ. ಹುದುಗು ನಿಲ್ಲೋದು ಹೀಗೆ.

ಆದರೆ ಮೊದಲು ನಿಜವಾಗಿ ನಿಂತಿದೆಯಾ ನೋಡಬೇಕು. ರಾತ್ರಿ ವಾಲ್ವ್ ಬಂದ್ ಮಾಡಿ, ಬಗ್ಗಡ ಹೊರಬರುವ ತೊಟ್ಟಿಯ ಗೋಡೆಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಬೆಳಗ್ಗೆ ಬಗ್ಗಡ ಗುರುತಿಗಿಂತ ಚೆನ್ನಾಗಿ ಏರಿದ್ದರೆ ಗ್ಯಾಸ್ ಆಗ್ತಾ ಇದೆ, ತೊಂದರೆ ಪೈಪಿನಲ್ಲಿ. ಒಳಗೆ ನೀರು ನಿಂತಿರುತ್ತೆ, ಉರಿ ತಕಪಕ ಕುಣಿಯುತ್ತೆ. ನೀರು ಬಿಟ್ಟರೆ ಸರಿ. ಏರಿಲ್ಲ, ಆದರೆ ತೊಟ್ಟಿಯಲ್ಲಿ ಗುಳ್ಳೆ ಏಳ್ತಾ ಇದೆ ಅಂದರೆ ಸೋರಿಕೆ ಇರಬಹುದು. ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿ ನೋಡಿ. ಬೆಂಕಿಕಡ್ಡಿ ಗೀರಿ ನೋಡುವ ಚಾಳಿ ಬೇಡ್ರಪ್ಪ. ಏರಿಕೆಯೂ ಇಲ್ಲ, ಗುಳ್ಳೆಯೂ ಇಲ್ಲ ಅಂದರೆ ಹುದುಗು ನಿಂತಿದೆ.

ಪುಷ್ಯ ಮಾಸದಲ್ಲಾದರೆ ಚಳಿ ಕಾರಣ. ಈ ಜೀವಿಗಳಿಗೆ 35 ಡಿಗ್ರಿ ಹಿತ, 20ಕ್ಕಿಂತ ಕೆಳಗಿಳಿದರೆ ಗ್ಯಾಸ್ ಬಹಳ ಕಡಿಮೆ. ನಾವು ಬೆಳಗ್ಗೆ ಕಲಸುವುದು ಬಿಟ್ಟು, ನೀರನ್ನು ಬಿಸಿಲಿಗಿಟ್ಟು ಮಧ್ಯಾಹ್ನ ಕಲಸಿ ಹಾಕ್ತೀವಿ. ಗುಮ್ಮಟದ ಮೇಲೆ ರಾಗಿಹುಲ್ಲು ಹೊದಿಸ್ತೀವಿ. ಚಳಿಗೆ ನಿಧಾನವಾದದ್ದು ಶಿವರಾತ್ರಿ ಹೊತ್ತಿಗೆ ತಾನೇ ಎದ್ದುಕೊಳ್ಳುತ್ತೆ, ಹೆದರಬೇಕಿಲ್ಲ.

ಹುಳಿ ಹಿಡಿದದ್ದು ಹಾಗಲ್ಲ. ನಮ್ಮೂರಲ್ಲಿ ಒಬ್ಬರು ಮದುವೆಯಲ್ಲಿ ಮಿಕ್ಕ ಅನ್ನ, ಪಾಯಸ ಎಲ್ಲಾ ಗುಂಡಿಗೆ ಸುರಿದರು. ವಾರದೊಳಗೆ ಉರಿ ಹೋಯ್ತು, ತೊಟ್ಟಿ ಹತ್ತಿರ ಹಳಸಿದ ವಾಸನೆ. ಅನ್ನ, ಬೆಲ್ಲ, ಹಿಟ್ಟು ಬಲು ಬೇಗ ಹುಳಿಯಾಗುವಂಥವು. ಪಿಎಚ್ ಕಾಗದ ಅದ್ದಿ ನೋಡಿದರೆ 6ಕ್ಕೂ ಕಡಿಮೆ. ಅದು 7ರ ಆಸುಪಾಸು ಇರಬೇಕು, 6.5ಕ್ಕಿಂತ ಇಳಿದರೆ ಕೆಟ್ಟಿತು ಅಂತಲೇ ಲೆಕ್ಕ. ಈ ಕಾಗದ ಪ್ರಯೋಗಶಾಲೆಯ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತೆ. ಗುಂಡಿ ಇದ್ದವರ ಮನೆಯಲ್ಲಿ ಇದ್ದರೆ ಒಳ್ಳೇದು.

ಅವರಿಗೆ ಮೊದಲು ಹೇಳಿದ್ದು, ಏನೂ ಹಾಕಬೇಡಿ. ಹತ್ತು ದಿನ ಉಪವಾಸ. ದಿನಾ ಒಂದು ಹಿಡಿ ಸುಣ್ಣವನ್ನು ಬಕೆಟ್ ನೀರಲ್ಲಿ ಕರಗಿಸಿ, ತಿಳಿ ಬಿಟ್ಟು ಹೊಯ್ದು, ಎರಡು ದಿನಕ್ಕೊಮ್ಮೆ ಕಾಗದದಲ್ಲಿ ನೋಡ್ತಾ ಬಂದೆವು. 7 ಸಮೀಪಿಸಿದಾಗ ಸುಣ್ಣ ನಿಲ್ಲಿಸಿದೆವು. ಅವಸರಕ್ಕೆ ಬುಟ್ಟಿಗಟ್ಟಲೆ ಸುಣ್ಣ ಸುರಿದರೆ ಮತ್ತೊಂದು ಕಡೆಗೆ ಕೆಡುತ್ತೆ. ಆಮೇಲೆ ನಮ್ಮ ಗುಂಡಿಯಿಂದ ಹತ್ತು ಬಿಂದಿಗೆ ತಾಜಾ ಬಗ್ಗಡ ಒಯ್ದು ಹಾಕಿದೆವು, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಹೆಪ್ಪು ತರುವ ಗುಂಡಿ ಚೆನ್ನಾಗಿ ಉರೀತಾ ಇರಬೇಕು. ಆಮೇಲೆ ಕಾಲುಭಾಗ ಸಗಣಿ, ವಾರ ಬಿಟ್ಟು ಅರ್ಧ, ಹೀಗೆ ಪೂರ್ತಿಗೆ ಬರಲು ಒಂದೂವರೆ ತಿಂಗಳು ಹಿಡೀತು.

ಔಷಧಿಯಿಂದ ನಿಲ್ಲೋದೂ ಉಂಟು. ಕೆಚ್ಚಲು ಬಾವಿಗೆ ಆಂಟಿಬಯಾಟಿಕ್ ಇಂಜೆಕ್ಷನ್ ಕೊಟ್ಟ ಹಸುವಿನ ಸಗಣಿಯನ್ನು ಒಂದು ವಾರವಾದರೂ ತಿಪ್ಪೆಗೆ ಹಾಕಿ. ಫಿನಾಯಿಲ್, ಬ್ಲೀಚಿಂಗ್ ಪುಡಿ, ಸೋಪಿನ ನೀರು ಕೊಟ್ಟಿಗೆಯಿಂದ ಹರಿದು ಗುಂಡಿಗೆ ಸೇರದಂತೆ ನೋಡಿಕೊಳ್ಳಿ.

ನಮ್ಮ ಬಯಲುಸೀಮೆಯ ಕಷ್ಟ ಬೇರೆ, ನೀರಿನದು. ಬೇಸಿಗೆಯಲ್ಲಿ ಒಂದು ಬಿಂದಿಗೆ ಉಳಿಸೋಣ ಅಂತ ಸಗಣಿ ಗಟ್ಟಿಯಾಗಿ ಕಲಸ್ತೀವಿ. ಹುಲ್ಲುಕಡ್ಡಿ ಮೇಲೆ ತೇಲಿ ಚಪ್ಪಡಿಯಂತೆ ಗಟ್ಟಿ ಪದರ ಕಟ್ಟುತ್ತೆ, ಗ್ಯಾಸ್ ಮೇಲೇಳೋದಿಲ್ಲ. ನೀರಿನಲ್ಲಿ ಸ್ವಲ್ಪ ಭಾಗದ ಬದಲು ಗಂಜಲ ಹಾಕಬಹುದು. ಬರೀ ಗಂಜಲ ಬೇಡ, ಅಮೋನಿಯಾ ಹೆಚ್ಚಿ ಜೀವಿಗಳಿಗೆ ತೊಂದರೆ. ಕಡ್ಡಿ ಆರಿಸಿಯೇ ಕಲಸಬೇಕು. ಪದರ ಕಟ್ಟಿದರೆ ಸಗಣಿ ಹಾಕುವ ಕಡೆಯಿಂದ ಉದ್ದನೆ ಬಿದಿರುಗಳ ಬಿಟ್ಟು ಆಡಿಸಿ. ಏನೇ ಆದರೂ ಒಳಗೆ ಇಳಿಯಬೇಡಿ, ಖಾಲಿ ಮಾಡಿದ ಗುಂಡಿಗೂ. ಉಸಿರು ಕಟ್ಟಿ ಒಬ್ಬ ಬಿದ್ದರೆ, ಎತ್ತಲು ಇಳಿದವನೂ ಅಲ್ಲೇ ಉಳೀತಾನೆ.

ಗುಂಡಿ ಮತ್ತೆ ಎದ್ದಾಗ ಮೊದಲು ಬರುವ ಗ್ಯಾಸ್ ಹತ್ತಿಕೊಳ್ಳೋದಿಲ್ಲ, ಅದರಲ್ಲಿ ಇಂಗಾಲದ ಡೈಆಕ್ಸೈಡೇ ಜಾಸ್ತಿ. ಅದನ್ನ ಬೆಂಕಿ ಇಲ್ಲದ ಬಯಲಲ್ಲಿ ಬಿಟ್ಟುಬಿಡಿ. ಎರಡು ಮೂರು ಸಲ ಹೀಗೆ ಬಿಟ್ಟು, ಆಮೇಲೆ ಅಡುಗೆಮನೆಯ ಒಲೆಯಲ್ಲೇ ಹಚ್ಚಿ ನೋಡಿ, ಗುಂಡಿ ಹತ್ತಿರ ಅಲ್ಲ. ಉರಿ ನೀಲಿಯಾಗಿ ನಿಂತ ಮೇಲೆ ಸಗಣಿ ಹೆಚ್ಚಿಸುತ್ತಾ ಹೋಗಬಹುದು.