ಕಲ್ಲು ಕಚ್ಚಿ ಎತ್ತುವ ಯಂತ್ರ: ಮುಳ್ಳಿನ ಮೇಲೆ ಕಣ್ಣಿರಲಿ

ಹಟ್ಟಿಗೆ ಚಪ್ಪಡಿ ಹಾಸಿದವರಿಗೆ ಗೊತ್ತು. ಕಲ್ಲನ್ನು ಹೇಗೋ ಹೊತ್ತು ತರಬಹುದು. ಕೆಳಗಿಡುವಾಗ ಬೆರಳು ತೆಗೆಯಲು ಜಾಗ ಇರುವುದಿಲ್ಲ. ಈ ತೊಂದರೆಗೆ ಈಗ ಬ್ಯಾಟರಿ ಯಂತ್ರ ಬಂದಿದೆ. ಬಟ್ಟಲನ್ನು ಕಲ್ಲಿನ ಮೇಲಿಟ್ಟು ಸ್ವಿಚ್ ಒತ್ತಿದರೆ ಒಳಗಿನ ಪುಟ್ಟ ಪಂಪು ಗಾಳಿ ಎಳೆದು ಕಲ್ಲಿಗೆ ಕಚ್ಚಿಕೊಳ್ಳುತ್ತದೆ. ಮೇಲಿನ ಹಿಡಿ ಹಿಡಿದು ಎತ್ತಿದರಾಯಿತು. ಉಪಕಾರದ ವಸ್ತು ಹೌದು. ಆದರೆ ಇದೇ ಯಂತ್ರದಿಂದ ನನ್ನ ಹೆಬ್ಬೆರಳಿನ ಉಗುರು ಹೋಗಿ ಮೂರು ವಾರ ತೋಟಕ್ಕಿಳಿಯಲಾಗಲಿಲ್ಲ. ತಪ್ಪು ನನ್ನದೇ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹಿಡಿಯುವುದು ಗಾಳಿ

ಬಾವಿಯ ಪಂಪಿಗೆ ಸಕ್ಷನ್ 25 ಅಡಿ ದಾಟಿದರೆ ನೀರು ಸರಿಯಾಗಿ ಏರುವುದಿಲ್ಲ ಎಂಬುದು ನಮಗೆಲ್ಲ ಗೊತ್ತು. ಪಂಪು ನೀರನ್ನು ಎಳೆಯುವುದಲ್ಲ, ಹೊರಗಿನ ಗಾಳಿಯ ಒತ್ತಡ ಅದನ್ನು ಮೇಲಕ್ಕೆ ದೂಡುವುದು. ಆ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೊ. ಈ ಯಂತ್ರದಲ್ಲಿ ಕಲ್ಲನ್ನು ಬಟ್ಟಲಿಗೆ ಒತ್ತಿ ಹಿಡಿಯುವುದೂ ಅದೇ ಗಾಳಿ.

ನನ್ನ ಯಂತ್ರದ ಬಟ್ಟಲು 20 ಸೆಂ.ಮೀ. ಅಗಲದ ವೃತ್ತ, ಅಂದರೆ 314 ಚದರ ಸೆಂ.ಮೀ. ಒಳಗಿನ ಗಾಳಿಯಲ್ಲಿ ನೂರಕ್ಕೆ 60 ಪಾಲು ಹೋದರೆ ಹಿಡಿತ ಸುಮಾರು 190 ಕಿಲೊ. ಇದು ಕಾಗದದ ಲೆಕ್ಕ. ಮಲಗಿದ ಕಲ್ಲನ್ನು ನೇರ ಎತ್ತಲು ಇದರ ಅರ್ಧ, ನಿಂತ ಕಲ್ಲಿನ ಬದಿಗೆ ಕಚ್ಚಿಸಿ ಎತ್ತಲು ಕಾಲುಭಾಗ ಮಾತ್ರ ನಂಬಬೇಕು. ಬದಿಗೆ ಕಚ್ಚಿಸಿದಾಗ ಕಲ್ಲು ಜಾರುತ್ತದೆ. ಎತ್ತರದ ಊರಿನಲ್ಲಿ ಗಾಳಿಯ ಒತ್ತಡವೇ ಕಮ್ಮಿ. ಕರಾವಳಿಗೆ ಹೋಲಿಸಿದರೆ ಮಡಿಕೇರಿಯಲ್ಲಿ ಹಿಡಿತ ಎಂಟರಲ್ಲಿ ಒಂದು ಪಾಲಿನಷ್ಟು ಇಳಿಯುತ್ತದೆ.

ಕಗ್ಗಲ್ಲಿನ ತೂಕಕ್ಕೆ ಸುಲಭ ಲೆಕ್ಕ: ಚದರಡಿ × ದಪ್ಪ ಇಂಚಿನಲ್ಲಿ × ಆರೂವರೆ ಕಿಲೊ. ಮೂರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಇಂಚು ದಪ್ಪದ ಚಪ್ಪಡಿ 78 ಕಿಲೊ ಆಯಿತು. ಯಂತ್ರ ಈ ಭಾರವನ್ನು ಒಂದು ಗ್ರಾಂ ಕೂಡ ಇಳಿಸುವುದಿಲ್ಲ. ಅದು ಕೊಡುವುದು ಹಿಡಿ ಮಾತ್ರ. ಸೊಂಟ ನಿಮ್ಮದೇ. ಇಂಥ ಕಲ್ಲಿಗೆ ಇಬ್ಬರು ಬೇಕೇ ಬೇಕು.

ನನಗಾದದ್ದು

ನನ್ನದೊಂದು, ನೆರೆಯವರಿಂದ ತಂದದ್ದೊಂದು, ಹೀಗೆ ಎರಡು ಯಂತ್ರ ಕಚ್ಚಿಸಿ ನಾನೂ ಕೆಲಸಕ್ಕೆ ಬಂದ ಹುಡುಗನೂ ಚಪ್ಪಡಿ ಹೊರುತ್ತಿದ್ದೆವು. ಹುಡುಗ ಹೇಳಿದ, "ಅಣ್ಣಾ, ನಿಮ್ಮ ಮುಳ್ಳು ಕೆಳಗೆ ಬರ್ತಾ ಉಂಟು." ನಾನು, "ಇನ್ನೆರಡು ಹೆಜ್ಜೆ ಅಲ್ವಾ ಮಾರಾಯ, ನಡಿ" ಎಂದೆ. ಎರಡನೇ ಹೆಜ್ಜೆಗೆ ನನ್ನ ಬದಿ ಬಿಟ್ಟಿತು. ಒಂದು ಬದಿ ಬಿಟ್ಟಾಗ ಭಾರವೆಲ್ಲ ಇನ್ನೊಂದರ ಮೇಲೆ ಬಿದ್ದು ಅದೂ ಕಳಚಿತು. ಹುಡುಗ ಹಾರಿ ತಪ್ಪಿಸಿಕೊಂಡ. ನಾನಿದ್ದದ್ದು ಬರಿಗಾಲಲ್ಲಿ.

ಆಮೇಲೆ ಯಂತ್ರ ಮಗುಚಿ ನೋಡಿದೆ. ಬಟ್ಟಲಿನ ಅಂಚಿನ ಸ್ಪಂಜಿನ ರಿಂಗ್ ಒಂದು ಕಡೆ ಚಪ್ಪಟೆಯಾಗಿ ಸೀಳಿತ್ತು. ಮಳೆಗಾಲವಿಡೀ ಯಂತ್ರವನ್ನು ಕವುಚಿ ಹಾಕಿ ಮೇಲೆ ಪೈಪಿನ ಸುರುಳಿ ಪೇರಿಸಿಟ್ಟವನು ನಾನೇ. ಗಾಳಿ ಅಲ್ಲಿಂದ ನುಗ್ಗುತ್ತಿತ್ತು. ಮುಳ್ಳು ಅದನ್ನೇ ಹೇಳುತ್ತಿತ್ತು.

ಯಾವ ಕಲ್ಲಿಗೆ ಆಗುತ್ತದೆ

ಟೈಲ್ಸ್, ಪಾಲಿಶ್ ಕಲ್ಲು, ನುಣುಪಾದ ಸಿಮೆಂಟ್ ಸ್ಲ್ಯಾಬ್ ಚೆನ್ನಾಗಿ ಹಿಡಿಯುತ್ತವೆ. ಒರಟು ಕಗ್ಗಲ್ಲಿಗೆ ಮೆತ್ತಗಿನ ಸ್ಪಂಜಿನ ರಿಂಗ್ ಬೇಕು, ಹಿಡಿತವೂ ಕಮ್ಮಿ. ಮುರಕಲ್ಲಿಗೆ ಬೇಡವೇ ಬೇಡ. ಅದರ ತೂತುಗಳಲ್ಲಿ ಗಾಳಿ ಹಾದು ಬರುತ್ತದೆ. ಕಡಪ ಕಲ್ಲು ನುಣುಪಾದರೂ ಪದರ ಪದರವಾದದ್ದು. ಮೇಲಿನ ಪದರ ಮಾತ್ರ ಯಂತ್ರಕ್ಕೆ ಅಂಟಿ ಕೆಳಗಿನದು ಕಳಚೀತು. ಬಿರುಕು ಬಿಟ್ಟ ಕಲ್ಲನ್ನು ಎತ್ತಬಾರದು. ಕಲ್ಲು ಕೊರೆದ ಹುಡಿ, ಪಾಚಿ, ಸೆಗಣಿ ಇದ್ದರೆ ಉಜ್ಜಿ ತೊಳೆದು, ಒಣಗಿದ ಮೇಲೆಯೇ ಕಚ್ಚಿಸಿ. ಒದ್ದೆ ಕಲ್ಲಿನಿಂದ ನೀರು ಪಂಪಿನೊಳಗೆ ಹೋಗುತ್ತದೆ.

ಎತ್ತುವಾಗ

ಬಟ್ಟಲನ್ನು ಕಲ್ಲಿನ ನಡುವಿಗೆ ಇಡಿ. ಎರಡು ಯಂತ್ರವಾದರೆ ನಡುವಿನಿಂದ ಸಮದೂರ. ಮುಳ್ಳು ಹಸಿರು ಗೆರೆ ಮುಟ್ಟಿದ ಮೇಲೆ ಒಂದೇ ಇಂಚು ಎತ್ತಿ, ಮನಸ್ಸಿನಲ್ಲೇ ಮೂವತ್ತು ಎಣಿಸಿ. ಮುಳ್ಳು ಕದಲದಿದ್ದರೆ ಮುಂದೆ ಹೋಗಿ. ಕೆಲವು ಯಂತ್ರಗಳಲ್ಲಿ ಪಂಪು ತಾನೇ ನಿಂತು ಬೇಕಾದಾಗ ಶುರುವಾಗುತ್ತದೆ. ಅದು ಮತ್ತೆ ಮತ್ತೆ ಶುರುವಾಗುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಕಲ್ಲು ಕೆಳಗಿಡಿ.

ಪಾದದ ಗಂಟಿಗಿಂತ ಮೇಲೆ ಎತ್ತಬೇಡಿ. ಕಲ್ಲಿನಡಿ ಕೈ, ಕಾಲು ಹೋಗಬಾರದು. ಗಟ್ಟಿ ಬೂಟು ಹಾಕಿ. ಗಾಳಿ ಬಿಡುವ ಗುಂಡಿಯ ಹತ್ತಿರ ಬೆರಳು ಬೇಡ. ಕಲ್ಲು ಪೂರ್ತಿ ಕೂತ ಮೇಲೆಯೇ ಅದನ್ನು ಒತ್ತಿ. ಎತ್ತರದಿಂದ ಇಳಿಸುವುದಿದ್ದರೆ ಈ ಯಂತ್ರವನ್ನೇ ನಂಬದೆ ಅಡಿಗೆ ಹಗ್ಗದ ಕುಣಿಕೆ ಹಾಕಿ.

ಆರೈಕೆ

ಕೆಲಸ ಮುಗಿದೊಡನೆ ರಿಂಗನ್ನು ಒದ್ದೆ ಬಟ್ಟೆಯಲ್ಲಿ ಒರಸಿ ನೆರಳಲ್ಲಿ ಒಣಗಿಸಿ. ಪೆಟ್ರೋಲ್, ಡೀಸೆಲ್, ಎಣ್ಣೆ ಸೋಕಿದರೆ ರಬ್ಬರ್ ಕೆಡುತ್ತದೆ. ಗಾಳಿ ಹೋಗುವ ತೂತಿನ ಫಿಲ್ಟರಿನಲ್ಲಿ ಹುಡಿ ಕಟ್ಟದಂತೆ ನೋಡಿಕೊಳ್ಳಿ. ಬಟ್ಟಲು ಮೇಲ್ಮುಖವಾಗಿ ಇಡಿ, ಮೇಲೆ ಏನೂ ಪೇರಿಸಬೇಡಿ. ರಿಂಗ್ ಚಪ್ಪಟೆಯಾದರೆ ಬದಲಿಸಿ.

ಲಿಥಿಯಂ ಬ್ಯಾಟರಿಗೆ ಅದರದ್ದೇ ಚಾರ್ಜರ್ ಬಳಸಿ. ಬಿಸಿಯಿದ್ದಾಗ ಚಾರ್ಜಿಗೆ ಹಾಕಬೇಡಿ, ಬಿಸಿಲಲ್ಲಿ ನಿಂತ ಜೀಪಿನಲ್ಲಿ ಬಿಡಬೇಡಿ. ಬೈಹುಲ್ಲು, ಅಡಿಕೆ ಸಿಪ್ಪೆಯ ರಾಶಿಯ ಹತ್ತಿರ ಚಾರ್ಜ್ ಮಾಡುವುದೂ ಬೇಡ. ಮಳೆಗಾಲಕ್ಕೆ ಎತ್ತಿಡುವಾಗ ಬ್ಯಾಟರಿ ಕಳಚಿ ಅರ್ಧ ಚಾರ್ಜಿನಲ್ಲಿ ಒಣ ಜಾಗದಲ್ಲಿಡಿ. ಎರಡು ಮೂರು ತಿಂಗಳಿಗೊಮ್ಮೆ ನೋಡಿ. ಊದಿಕೊಂಡ ಬ್ಯಾಟರಿಯನ್ನು ಮತ್ತೆ ಬಳಸಬಾರದು, ಬೆಂಕಿಗೂ ಹಾಕಬಾರದು.

ಉಳಿದ ಚಪ್ಪಡಿಗಳನ್ನೂ ಇದೇ ಯಂತ್ರದಿಂದಲೇ ಹಾಸಿ ಮುಗಿಸಿದೆವು, ಹೊಸ ರಿಂಗ್ ಹಾಕಿ. ಈಗ ನಮ್ಮಲ್ಲಿ ಒಂದು ಕಟ್ಟು ಮಾಡಿದ್ದೇವೆ. ಮುಳ್ಳು ಇಳಿಯುತ್ತಿದೆ ಎಂದು ಯಾರು ಹೇಳಿದರೂ ಸರಿ, ಮರುಮಾತಿಲ್ಲದೆ ಕಲ್ಲು ಅಲ್ಲೇ ನೆಲಕ್ಕೆ.