ಹಳೆಯ ಸೈಕಲ್ಲಿನ ಜೀರ್ಣೋದ್ಧಾರ

ಕೆರೆ, ಬಾವಿ, ದೇವಾಲಯಗಳ ಜೀರ್ಣೋದ್ಧಾರದ ಸಂಗತಿಯನ್ನು ನಮ್ಮ ವಿದ್ಯಾರ್ಥಿಗಳು ಇತಿಹಾಸದ ಪಾಠಗಳಲ್ಲಿ ಓದಿರುತ್ತಾರೆ. ಒಂದು ಹಳೆಯ ಸೈಕಲ್ಲಿಗೆ ಅಷ್ಟು ದೊಡ್ಡ ಮಾತೇಕೆ ಎಂದು ಯಾರಾದರೂ ನಕ್ಕರೆ ನಮಗೆ ಬೇಸರವಿಲ್ಲ. ಹಾಳಾದುದನ್ನು ಬಿಸುಡದೆ, ಅದರಲ್ಲಿ ಉಳಿದ ಸತ್ತ್ವವನ್ನು ಗುರುತಿಸಿ, ಮತ್ತೆ ಬಳಕೆಗೆ ತರುವ ಕೆಲಸ ಯಾವುದಾದರೂ ಜೀರ್ಣೋದ್ಧಾರವೇ. ಕಳೆದ ವರ್ಷ ನಾವು ಇಂತಹ ಒಂದು ಕೆಲಸಕ್ಕೆ ಕೈಯಿಟ್ಟು, ಮೊದಲು ತಪ್ಪು ಮಾಡಿ, ಪೆಟ್ಟು ತಿಂದು, ಆಮೇಲೆ ಸರಿಯಾದ ಕ್ರಮವನ್ನು ಕಲಿತೆವು. ಆ ಕ್ರಮವನ್ನು ವಿದ್ಯಾರ್ಥಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ನಾವು ಬೀದರ ಸೀಮೆಯವರು. 1956ರ ನವೆಂಬರ್ 1ರವರೆಗೆ ಬೀದರ, ಕಲಬುರಗಿ, ರಾಯಚೂರುಗಳು ಹೈದರಾಬಾದು ರಾಜ್ಯಕ್ಕೆ ಸೇರಿದ್ದುವು. ಅನ್ನ ಅರಸಿ ಈ ನಗರಕ್ಕೆ ಬರುವ ನಮ್ಮ ಜನರ ವಾಡಿಕೆ ಅಂದಿನಿಂದಲೂ ನಿಂತಿಲ್ಲ. ನಮ್ಮ ಬಿಡಾರ ಲಿಂಗಂಪಲ್ಲಿಯ ಹೊರವಲಯದಲ್ಲಿದೆ. ಶಾಲೆಯೋ ನಗರದ ಮತ್ತೊಂದು ಮಗ್ಗುಲಲ್ಲಿ. 2003ರಲ್ಲಿ ಆರಂಭವಾದ ಎಂ.ಎಂ.ಟಿ.ಎಸ್. ಲೋಕಲ್ ರೈಲು ನಮ್ಮಂಥವರಿಗೆ ದೊಡ್ಡ ಉಪಕಾರ ಮಾಡಿದೆ. ಲಿಂಗಂಪಲ್ಲಿಯಲ್ಲಿ ಹತ್ತಿ ಕಾಚಿಗೂಡದಲ್ಲಿ ಇಳಿದರೆ ಮಿಕ್ಕ ದಾರಿ ನಡಿಗೆಯದು. ಕಷ್ಟವಿದ್ದುದು ಮನೆಯಿಂದ ಸ್ಟೇಷನ್ನಿಗೆ ಹೋಗುವ ನಾಲ್ಕು ಕಿಲೋಮೀಟರಿನಲ್ಲಿ. ನಡೆದರೆ ಮುಕ್ಕಾಲು ಗಂಟೆ. ಆಟೋದವರ ಬಾಡಿಗೆಯನ್ನು ನಿತ್ಯ ಕೊಟ್ಟರೆ ತಿಂಗಳ ಕೊನೆಯ ವಾರಕ್ಕೆ ಸಂಬಳದಲ್ಲಿ ಏನೂ ಉಳಿಯದು.

ಆಗ ನೆನಪಾದುದು ಊರಿನ ಹಿತ್ತಲಲ್ಲಿ ಬಿದ್ದಿದ್ದ ನಮ್ಮ ತಂದೆಯವರ ಸೈಕಲ್ಲು. ಅವರು ಹಳ್ಳಿಯ ಅಂಚೆಯವರು. ಸುತ್ತಲಿನ ಐದಾರು ಹಳ್ಳಿಗಳ ಕಾಗದ, ಮನಿಯಾರ್ಡರುಗಳನ್ನು ಅದೇ ಸೈಕಲ್ಲಿನ ಕ್ಯಾರಿಯರಿಗೆ ಬಿಗಿದು ಹೊತ್ತು ತಿರುಗಿದವರು. ಮುಂಭಾಗದ ಬಿಲ್ಲೆ ಸವೆದು ಕಂಪನಿಯ ಹೆಸರೇ ಅಳಿಸಿಹೋಗಿತ್ತು. ಅದನ್ನು ಬೀದರದ ರೈಲಿನಲ್ಲಿ ಸಾಮಾನಿನ ಡಬ್ಬಿಗೆ ಹಾಕಿಸಿ ತಂದೆವು.

ಸೈಕಲ್ಲಿನ ಪೂರ್ವೋತ್ತರವನ್ನು ಇಲ್ಲಿ ಸ್ವಲ್ಪ ತಿಳಿಯುವುದು ಒಳ್ಳೆಯದು. 1817ರಲ್ಲಿ ಜರ್ಮನಿಯ ಮ್ಯಾನ್‌ಹೈಮ್ ನಗರದ ಕಾರ್ಲ್ ಫಾನ್ ಡ್ರೈಸ್ ಎಂಬಾತನು ಮರದ ಎರಡು ಚಕ್ರಗಳ ಗಾಡಿಯನ್ನು ಮಾಡಿದನು. ಅದಕ್ಕೆ ಪೆಡಲು ಇರಲಿಲ್ಲ. ಕಾಲಿನಿಂದ ನೆಲವನ್ನು ಒದ್ದು ಮುಂದೆ ಸಾಗಬೇಕಾಗಿತ್ತು. 1860ರ ದಶಕದಲ್ಲಿ ಫ್ರಾನ್ಸಿನಲ್ಲಿ ಮುಂದಿನ ಚಕ್ರಕ್ಕೆ ಪೆಡಲು ಬಂದಿತು. 1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿಯು ಚೈನಿನಿಂದ ಹಿಂದಿನ ಚಕ್ರವನ್ನು ತಿರುಗಿಸುವ 'ರೋವರ್' ಸೈಕಲ್ಲನ್ನು ಹೊರತಂದನು. ಇಂದಿನ ಸೈಕಲ್ಲುಗಳೆಲ್ಲ ಅದರ ಸಂತತಿಯೇ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್ಲಪ್ ಗಾಳಿ ತುಂಬಿದ ಟಯರಿಗೆ ಪೇಟೆಂಟು ಪಡೆದನು. ಅವನು ಅದನ್ನು ಮೊದಲು ಮಾಡಿದ್ದು ತನ್ನ ಮಗನ ಮೂರು ಚಕ್ರದ ಸೈಕಲ್ಲಿಗಾಗಿ. ನಮ್ಮ ದೇಶದಲ್ಲಿ 1949ರಲ್ಲಿ ಮದರಾಸಿನ ಟಿ.ಐ., 1951ರಲ್ಲಿ ಸೋನೀಪತ್ತಿನ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೋ ಕಂಪನಿಗಳು ಹುಟ್ಟಿದುವು. ಹಾಲಿನವನು, ಅಂಚೆಯವನು, ಮೇಷ್ಟರು, ಕಾರ್ಖಾನೆಯ ಕೆಲಸಗಾರ ಎಲ್ಲರ ಬಾಳೂ ಆ ಎರಡು ಚಕ್ರಗಳ ಮೇಲೆ ಉರುಳಿತು.

ಇನ್ನು ನಮ್ಮ ತಪ್ಪಿನ ಕಥೆ. ಸೈಕಲ್ಲು ಬಂದೊಡನೆ ನಾವು ಮಾಡಿದ ಮೊದಲ ಕೆಲಸವೆಂದರೆ ಅದಕ್ಕೆ ಕಪ್ಪು ಬಣ್ಣ ಬಳಿಸಿದುದು. ಹೊಸ ಬೆಲ್ಲು, ಸೀಟಿಗೆ ಹೊಸ ಹೊದಿಕೆ, ಹ್ಯಾಂಡಲಿಗೆ ಹೊಸ ಹಿಡಿ! ಟಯರಿಗೆ ಗಾಳಿ ತುಂಬಿಸಿ, ಚೈನಿಗೆ ಎಣ್ಣೆ ಬಿಟ್ಟು ಹೊರಟೇಬಿಟ್ಟೆವು. ಹೊರಗೆ ಥಳುಕು ಒಳಗೆ ಹುಳುಕು ಎಂಬ ಗಾದೆ ಮೂರನೆಯ ದಿನವೇ ನಿಜವಾಯಿತು. ಅಂದು ಜಿಟಿಜಿಟಿ ಮಳೆ. ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಒಂದು ಇಳಿಜಾರು. ಕೆಳಗಡೆ ಪಾಟೀಚೀಲ ಹೊತ್ತ ಪುಟ್ಟ ಹುಡುಗಿಯೊಬ್ಬಳು ರಸ್ತೆ ದಾಟುತ್ತಿದ್ದಳು. ಬ್ರೇಕು ಹಿಡಿದೆವು, ಹಿಡಿ ಅಂಗೈಗೆ ಬಂದಿತೇ ಹೊರತು ಸೈಕಲ್ಲು ನಿಲ್ಲಲಿಲ್ಲ. ಬೆಲ್ಲು ಮಾತ್ರ ಬಲು ಚೆನ್ನಾಗಿ ಬಾರಿಸಿತು! ಮಗು ಬೆದರಿ ರಸ್ತೆಯ ನಡುವೆಯೇ ನಿಂತುಬಿಟ್ಟಳು. ಬೇರೆ ದಾರಿ ಕಾಣದೆ ಹ್ಯಾಂಡಲನ್ನು ತಿರುಗಿಸಿ, ಮನೆ ಕಟ್ಟಲು ಹಾಕಿದ್ದ ಮರಳಿನ ರಾಶಿಗೆ ನುಗ್ಗಿ ಬಿದ್ದೆವು. ಮೊಣಕೈ ಸುಲಿಯಿತು, ರೈಲು ತಪ್ಪಿತು, ಹತ್ತನೆಯ ತರಗತಿಯ ಮೊದಲನೆಯ ಪೀರಿಯಡ್ಡು ಕನ್ನಡ ಪಾಠವಿಲ್ಲದೆ ಕಳೆಯಿತು. ಅವೆಲ್ಲ ಸಣ್ಣ ನಷ್ಟ. ಆ ಮಗು ಹತ್ತಿರ ಬಂದು, ಮರಳಿನಲ್ಲಿ ಬಿದ್ದಿದ್ದ ನಮ್ಮ ಕನ್ನಡಕವನ್ನು ಎತ್ತಿ ಕೊಟ್ಟಿತಲ್ಲ, ಆಗ ನಮ್ಮ ಕೈ ನಡುಗಿದುದು ನೋವಿನಿಂದಲ್ಲ. ಇನ್ನು ಮೂರು ಮಾರು ದೂರವಿದ್ದಿದ್ದರೆ ಏನಾಗುತ್ತಿತ್ತೆಂಬ ಯೋಚನೆ ಈಗಲೂ ಕೆಲವು ರಾತ್ರಿ ನಮ್ಮನ್ನು ಎಬ್ಬಿಸುತ್ತದೆ.

ಆ ದಿನ ಸಂಜೆ ಸೈಕಲ್ಲನ್ನು ತಳ್ಳಿಕೊಂಡು ರಿಪೇರಿಯ ಉಸ್ತಾದರೊಬ್ಬರ ಬಳಿಗೆ ಹೋದೆವು. ವೃದ್ಧರು, ನಲವತ್ತು ವರ್ಷ ಇದೇ ಕೆಲಸ ಮಾಡಿದವರು. ಬಣ್ಣದ ಮೇಲೆ ಬೆರಳಾಡಿಸಿ ನಕ್ಕು, "ಮಾಸ್ಟರ್‌ಸಾಬ್, ಪೆಹಲೇ ಬ್ರೇಕ್, ಬಾದ್ ಮೇ ರಂಗ್" ಎಂದರು. ಮೊದಲು ಬ್ರೇಕು, ಆಮೇಲೆ ಬಣ್ಣ! ಅಂದಿನಿಂದ ನಾಲ್ಕು ಭಾನುವಾರ ನಾವು ಅವರ ಶಿಷ್ಯರಾದೆವು. ಅವರು ಕಲಿಸಿದ ಕ್ರಮ ಇದು: ನಿಲ್ಲುವುದು ಮೊದಲು, ಉರುಳುವುದು ಎರಡನೆಯದು, ಎಳೆಯುವುದು ಮೂರನೆಯದು, ಸೌಕರ್ಯ ನಾಲ್ಕನೆಯದು, ಅಲಂಕಾರ ಕೊನೆಯದು.

ಒಂದನೆಯದು, ನಿಲ್ಲುವುದು. ಹಳೆಯ ಸೈಕಲ್ಲುಗಳಲ್ಲಿ ತಂತಿಯಿಲ್ಲ; ಹಿಡಿಯಿಂದ ಚಕ್ರದವರೆಗೆ ಕಂಬಿಗಳ ಜೋಡಣೆಯಿದೆ. ಹಿಡಿಯನ್ನು ಒತ್ತಿದರೆ ಕಂಬಿ ಮೇಲೆದ್ದು ರಬ್ಬರಿನ ತುಂಡುಗಳನ್ನು ರಿಮ್ಮಿನ ಒಳಮೈಗೆ ಒತ್ತುತ್ತದೆ. ಇದು ನಾವು ವಿಜ್ಞಾನದ ಪಾಠದಲ್ಲಿ ಓದುವ ಸನ್ನೆಯೇ. ನಿಲ್ಲಿಸುವ ಶಕ್ತಿ ಘರ್ಷಣೆ. ನಮ್ಮ ಸೈಕಲ್ಲಿನಲ್ಲಿ ರಬ್ಬರು ಕಲ್ಲಿನಂತೆ ಗಟ್ಟಿಯಾಗಿತ್ತು, ಕಂಬಿಯ ಕೀಲು ಸವೆದಿತ್ತು. ಹೊಸ ರಬ್ಬರು ಹಾಕಿ, ಅದಕ್ಕೂ ರಿಮ್ಮಿಗೂ ನಡುವೆ ಸುಮಾರು 3 ಮಿಲಿಮೀಟರು ಎಡೆ ಇರುವಂತೆ ಬಿಗಿದೆವು. ಕಬ್ಬಿಣದ ಹೊಳಪು ರಿಮ್ಮು ನೆನೆದರೆ ಘರ್ಷಣೆ ಬಹಳ ಕಡಿಮೆಯಾಗುತ್ತದೆ. ಆದುದರಿಂದ ಮಳೆಯಲ್ಲಿ ಮೊದಲೇ ಒಂದೆರಡು ಬಾರಿ ಮೆಲ್ಲನೆ ಬ್ರೇಕು ಒತ್ತಿ ರಿಮ್ಮಿನ ನೀರನ್ನು ಒರೆಸಿಕೊಳ್ಳಬೇಕು. ಇಳಿಜಾರಿನಲ್ಲಿ ವೇಗ ಏರುವ ಮೊದಲೇ ಎರಡು ಬ್ರೇಕುಗಳನ್ನೂ ಕೂಡಿ ಹಿಡಿಯಬೇಕು.

ಎರಡನೆಯದು, ಉರುಳುವುದು. ಹಬ್ಬನ್ನು ಬಿಚ್ಚಿದಾಗ ಒಳಗಿನ ಗುಂಡುಗಳು ಒಣಗಿದ ಕೊಬ್ಬಿನಲ್ಲಿ ಹೂತುಹೋಗಿದ್ದುವು. ಬಿಚ್ಚುವಾಗ ಕೆಳಗೆ ಬಟ್ಟೆ ಹಾಸಿ ಗುಂಡುಗಳನ್ನು ಎಣಿಸಿಟ್ಟುಕೊಳ್ಳಬೇಕು. ಹಿಂದಿನ ಚಕ್ರದ ಗುಂಡು ಕಾಲು ಅಂಗುಲದ್ದು, ಮುಂದಿನದು ಅದಕ್ಕಿಂತ ಚಿಕ್ಕದು. ಒಂದನ್ನು ಇನ್ನೊಂದರಲ್ಲಿ ಬೆರೆಸಬಾರದು. ಸೀಮೆಎಣ್ಣೆಯಲ್ಲಿ ತೊಳೆದು, ಚುಕ್ಕೆ ಬಿದ್ದವನ್ನು ಬದಲಿಸಿ, ಹೊಸ ಗ್ರೀಸು ತುಂಬಿ ಕೋನನ್ನು ಬಿಗಿಯಬೇಕು. ಬಹಳ ಬಿಗಿದರೆ ಚಕ್ರ ತಡೆಯುತ್ತದೆ, ಸಡಿಲವಾದರೆ ಅಲುಗಾಡುತ್ತದೆ. ಚಕ್ರವನ್ನು ಎತ್ತಿ ಬಿಟ್ಟರೆ ಗಾಳಿಯ ವಾಲ್ವಿನ ಭಾರಕ್ಕೇ ಅದು ತಾನಾಗಿ ತಿರುಗಿ ವಾಲ್ವು ಕೆಳಗೆ ಬಂದು ನಿಲ್ಲಬೇಕು, ಇದೇ ಪರೀಕ್ಷೆ.

ಕಡ್ಡಿಗಳ ವಿಷಯ ಇನ್ನೂ ಸೊಗಸು. ಮುಂದಿನ ಚಕ್ರಕ್ಕೆ 32, ಹಿಂದಿನದಕ್ಕೆ 40 ಕಡ್ಡಿಗಳು. ತೆಳ್ಳನೆಯ ತಂತಿ ಒತ್ತಿದರೆ ಬಾಗುತ್ತದೆ, ಎಳೆದರೆ ಮಾತ್ರ ತಡೆಯುತ್ತದೆ. ಎಲ್ಲ ಕಡ್ಡಿಗಳೂ ತಮ್ಮ ತಮ್ಮ ಕಡೆಗೆ ಸಮನಾಗಿ ಎಳೆದು ನಿಂತಿರುವುದರಿಂದಲೇ ರಿಮ್ಮು ದುಂಡಗೆ ಇರುತ್ತದೆ. ರಿಮ್ಮು ಒಂದೆಡೆ ಬಲಕ್ಕೆ ವಾಲಿದ್ದರೆ ಅಲ್ಲಿ ಎಡಮಗ್ಗುಲಿನ ಕಡ್ಡಿಗಳನ್ನು ಅರ್ಧ ಸುತ್ತು ಬಿಗಿದು, ಬಲಮಗ್ಗುಲಿನವನ್ನು ಅಷ್ಟೇ ಸಡಿಲಿಸಬೇಕು. ಅವಸರ ಕೂಡದು. ಈ ಒಂದು ಕೆಲಸಕ್ಕೆ ನಮಗೆ ಒಂದು ಪೂರ್ತಿ ಭಾನುವಾರ ಹಿಡಿಯಿತು.

ಮೂರನೆಯದು, ಎಳೆಯುವುದು. ಚೈನಿನ ಒಂದು ಕೀಲಿನಿಂದ ಮುಂದಿನ ಕೀಲಿಗೆ ಅರ್ಧ ಅಂಗುಲ. 24 ಅಂತರಗಳನ್ನು ಅಳೆದರೆ ಸರಿಯಾಗಿ 12 ಅಂಗುಲ ಬರಬೇಕು. ಅರೆಪಾವಿನಷ್ಟು, ಎಂದರೆ ಅಂಗುಲದ ಎಂಟನೆಯ ಒಂದು ಪಾಲು, ಹೆಚ್ಚಾಗಿದ್ದರೆ ಚೈನು ಸವೆದಿದೆಯೆಂದು ತಿಳಿಯಬೇಕು. ಸವೆದ ಫ್ರೀವೀಲಿನ ಮೇಲೆ ಹೊಸ ಚೈನು ಹಾಕಿದರೆ ಅದು ಜಾರುತ್ತದೆ. ಎರಡನ್ನೂ ಕೂಡಿಯೇ ಬದಲಿಸುವುದು ಲೇಸು. ಇನ್ನೊಂದು ಎಚ್ಚರಿಕೆ: ಎಡಗಡೆಯ ಪೆಡಲಿನ ಮರೆ ಉಲ್ಟಾ ಇರುತ್ತದೆ. ಎಲ್ಲ ತಿರುಪುಗಳಂತೆ ಅದನ್ನೂ ಬಿಚ್ಚಹೊರಟರೆ ಅದು ಇನ್ನಷ್ಟು ಬಿಗಿಯುತ್ತದೆ. ನಾವು ಅದರೊಡನೆ ಅರ್ಧ ಗಂಟೆ ಗುದ್ದಾಡಿದ ಮೇಲೆ ಉಸ್ತಾದರು ಚಹಾ ಕುಡಿಯುತ್ತ ಈ ರಹಸ್ಯವನ್ನು ಹೇಳಿದರು.

ಫ್ರೀವೀಲು ಬದಲಿಸಬೇಕಾದಾಗ ನಾವು ಸ್ವಲ್ಪ ಗಣಿತ ಮಾಡಿದೆವು. ಮುಂದಿನ ಹಲ್ಲುಚಕ್ರದಲ್ಲಿ 48 ಹಲ್ಲು, ಹಳೆಯ ಫ್ರೀವೀಲಿನಲ್ಲಿ 18. ಟಯರು ಸಹಿತ ಚಕ್ರದ ವ್ಯಾಸ 71 ಸೆಂಟಿಮೀಟರು. 22/7ರಿಂದ ಗುಣಿಸಿದರೆ ಪರಿಧಿ ಸುಮಾರು 2.23 ಮೀಟರು. ಪೆಡಲು ಒಂದು ಸುತ್ತು ತಿರುಗಿದರೆ ಹಿಂದಿನ ಚಕ್ರ 48/18 ಸುತ್ತು ತಿರುಗಿ ಸೈಕಲ್ಲು 5.95 ಮೀಟರು ಸಾಗುತ್ತದೆ. 20 ಹಲ್ಲಿನ ಫ್ರೀವೀಲು ಹಾಕಿದರೆ 5.35 ಮೀಟರು ಮಾತ್ರ. ನಾಲ್ಕು ಕಿಲೋಮೀಟರಿಗೆ ಮೊದಲು ಸುಮಾರು 672 ಸುತ್ತು ತುಳಿಯಬೇಕಾಗಿದ್ದರೆ ಈಗ ಸುಮಾರು 747. ಆದರೆ ಪ್ರತಿಯೊಂದು ಸುತ್ತಿಗೂ ಹಾಕಬೇಕಾದ ಬಲ ಹತ್ತನೆಯ ಒಂದು ಪಾಲು ಕಡಿಮೆ. ಬಂಡೆಗಳ ನಡುವೆ ಏರಿ ಇಳಿಯುವ ಇಲ್ಲಿನ ನೆಲದಲ್ಲಿ, ಪುಸ್ತಕದ ಹೊರೆ ಹೊತ್ತ ಮೇಷ್ಟರಿಗೆ ಈ ವ್ಯಾಪಾರ ಲಾಭದ್ದೇ. ಬಲದಲ್ಲಿ ಗಳಿಸಿದ್ದನ್ನು ದೂರದಲ್ಲಿ ತೆರಬೇಕು ಎಂಬ ಸರಳಯಂತ್ರಗಳ ನಿಯಮ ನಮ್ಮ ಮೊಣಕಾಲಿಗೆ ಅಂದು ಅರ್ಥವಾಯಿತು. 22 ಹಲ್ಲಿನ ಫ್ರೀವೀಲು ಹಾಕಿದ್ದರೆ ಎಷ್ಟು ಸುತ್ತಾಗುತ್ತಿತ್ತೆಂಬುದನ್ನು ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಲಿ.

ನಾಲ್ಕನೆಯದು, ಸೌಕರ್ಯ. ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು; ಸೀಟಿನ ಎತ್ತರಕ್ಕೆ ಇದು ಅಳತೆ. ಹಳೆಯ ಡೈನಮೋ ಟಯರಿಗೆ ಉಜ್ಜಿ ತುಳಿತವನ್ನು ಭಾರ ಮಾಡುತ್ತಿತ್ತು, ಸೈಕಲ್ಲು ನಿಂತೊಡನೆ ದೀಪವೂ ಆರುತ್ತಿತ್ತು. ಅದನ್ನು ತೆಗೆದು ಬ್ಯಾಟರಿಯ ದೀಪ, ಹಿಂದೆ ಕೆಂಪು ಬಿಲ್ಲೆ ಹಾಕಿದೆವು. ತಂದೆಯವರ ಕ್ಯಾರಿಯರನ್ನು ಮಾತ್ರ ಬದಲಿಸಲಿಲ್ಲ. ಅವರು ಕಾಗದದ ಚೀಲ ಬಿಗಿಯುತ್ತಿದ್ದ ಕಡೆ ಕಬ್ಬಿಣ ಸವೆದು ಹೊಳೆಯುತ್ತಿದೆ. ಅಲ್ಲಿ ತಗಡಿನ ಪೆಟ್ಟಿಗೆಯೊಂದನ್ನು ಕೂರಿಸಿದೆವು. ಮಕ್ಕಳ ಉತ್ತರಪತ್ರಿಕೆಗಳು ಈಗ ಮಳೆಯಲ್ಲಿ ನೆನೆಯುವುದಿಲ್ಲ. ಅವರು ಹೊತ್ತುದು ಕನ್ನಡದ ಕಾಗದ, ನಾವು ಹೊರುವುದೂ ಕನ್ನಡದ ಕಾಗದವೇ.

ನಮ್ಮ ನೆರೆಯಲ್ಲೇ, ಹೊರವರ್ತುಲ ರಸ್ತೆಯ ಪಕ್ಕದಲ್ಲಿ, ಸೌರಫಲಕಗಳ ಚಾವಣಿಯುಳ್ಳ 23 ಕಿಲೋಮೀಟರಿನ ಸೈಕಲ್ ಹಾದಿ 2023ರಲ್ಲಿ ತೆರೆಯಿತು. ಒಂದು ಕವಲು ನಾನಕ್‌ರಾಮ್‌ಗೂಡದಿಂದ ಪೊಲೀಸ್ ಅಕಾಡೆಮಿಯ ಕಡೆಗೆ, ಇನ್ನೊಂದು ನಾರ್ಸಿಂಗಿಯಿಂದ ಕೊಲ್ಲೂರಿನ ಕಡೆಗೆ. ನೋಡಲು ಬಲು ಚೆಂದ. ಆದರೆ ಕೆಲಸಕ್ಕೆ ಹೋಗುವವನ ದಾರಿ ಮನೆಯಿಂದ ಸ್ಟೇಷನ್ನಿಗೆ, ಶಾಲೆಗೆ, ಮಾರುಕಟ್ಟೆಗೆ. ಆ ದಾರಿಗಳಲ್ಲಿಯೂ ಒಂದು ಮೊಳ ಅಗಲದ ಎಡೆ ಸೈಕಲ್ಲಿಗೆ ದೊರೆತರೆ, ನಮ್ಮ ಎಷ್ಟೋ ಮಕ್ಕಳು ನಿರ್ಭಯವಾಗಿ ಶಾಲೆಗೆ ಬರಬಹುದು.

ಕೊನೆಗೆ ಒಂದು ಮಾತು. ನಾವು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿಯೇ ಓದಿದವರು. ಸನ್ನೆ, ಘರ್ಷಣೆ, ಪರಿಧಿ, ಅಚ್ಚು ಎಂಬ ಮಾತುಗಳನ್ನು ಪರೀಕ್ಷೆಗಾಗಿ ಉರುಹೊಡೆದಿದ್ದೆವು. ಅವು ಬರಿಯ ಅಂಕಗಳ ಮಾತುಗಳೆಂದೇ ಬಹುಕಾಲ ಭಾವಿಸಿದ್ದೆವು. ಗ್ರೀಸು ಮೆತ್ತಿದ ಕೈಯಲ್ಲಿ ಆ ಮಾತುಗಳು ಒಂದೊಂದಾಗಿ ಜೀವ ಪಡೆದುವು. ಕನ್ನಡದಲ್ಲಿ ಓದಿದವನಿಗೆ ಯಂತ್ರ ತಿಳಿಯದು ಎಂದು ಯಾರಾದರೂ ನಮ್ಮ ವಿದ್ಯಾರ್ಥಿಗಳಿಗೆ ಹೇಳಿದರೆ, ಅವರೊಡನೆ ವಾದಕ್ಕೆ ನಿಲ್ಲುವುದು ಬೇಡ. ಒಂದು ಸೈಕಲ್ಲನ್ನು ಬಿಚ್ಚಿ, ಭಾಗಗಳನ್ನು ಹೆಸರು ಹಿಡಿದು ಜೋಡಿಸಿ, ಓಡಿಸಿ ತೋರಿಸಿದರೆ ಸಾಕು.

ಆ ಇಳಿಜಾರಿನಲ್ಲಿ ನಾವು ಈಗಲೂ ನಿತ್ಯ ಇಳಿಯುತ್ತೇವೆ. ಆ ಹುಡುಗಿ ಕೆಲವು ದಿನ ಎದುರಾಗುತ್ತಾಳೆ. ದೂರದಿಂದಲೇ ಬ್ರೇಕು ಹಿಡಿದು ಸೈಕಲ್ಲನ್ನು ಪೂರ್ತಿ ನಿಲ್ಲಿಸಿ, ಅವಳು ದಾಟುವವರೆಗೆ ಕಾಯುತ್ತೇವೆ. ಬೆಲ್ಲನ್ನು ಬಾರಿಸುವುದಿಲ್ಲ.